ಮಂಚದ ಕೆಳಗಿನ ಏಳು ಜನ

ಕತ್ತರಿ ಎಡಗಿವಿಯ ಹಿಂದಕ್ಕೆ ಬಂದಾಗಲೆಲ್ಲ ಎಮ್ಲಿನ್ ಪ್ರಾಸರ್ ಉಸಿರು ಬಿಗಿಹಿಡಿಯುತ್ತಿದ್ದ. ಮೂವತ್ತೊಂಬತ್ತು ವರ್ಷಗಳಿಂದ ಅವನ ಕೂದಲು ಕತ್ತರಿಸುತ್ತ ಬಂದವಳು ಹೆಂಡತಿ ಮೆನ್ನಾ. ಇಷ್ಟು ವರ್ಷದಲ್ಲಿ ಒಮ್ಮೆಯೂ ಚರ್ಮಕ್ಕೆ ತಾಗಿಸಿದವಳಲ್ಲ. ಆದರೂ ಆ ಒಂದು ಜಾಗದಲ್ಲಿ ಅವನಿಗೆ ಅವಳ ಮೇಲೆ ನಂಬಿಕೆ ಸಾಲದು. ತಮ್ಮ ಗಣಿಯೂರು ಕೂಮ್‌ರೆಡಿನ್‌ನ ಕ್ಷೌರದಂಗಡಿಗೆ ಅವನು ಕೊನೆಯ ಸಲ ಹೋದದ್ದು ಎಂಬತ್ತೈದರ ಮಾರ್ಚ್ ತಿಂಗಳಲ್ಲಿ. ಬೆಳಗಿನ ಹತ್ತು ಗಂಟೆ, ಮೂವರು ಸರದಿಗೆ ಕಾದು ಕೂತಿದ್ದರು. ಕ್ಷೌರಿಕ ಇವನ ಮುಖ ನೋಡಿದವನೇ ಕತ್ತರಿಯನ್ನು ಡ್ರಾಯರಿನೊಳಗಿಟ್ಟು, ಇವತ್ತಿಗೆ ಅಂಗಡಿ ಮುಚ್ಚಿತು ಎಂದ. ಮೂವರೂ ಎದ್ದು ಕೋಟು ಹಾಕಿಕೊಂಡು ಹೊರಗೆ ನಿಂತರು. ಇವನು ಮೂಲೆ ತಿರುಗುವ ತನಕ ಕಾದು ಮತ್ತೆ ಒಳಗೆ ಹೋದರು. ಆ ಕ್ಷೌರಿಕ ಸತ್ತು ಇಪ್ಪತ್ತು ವರ್ಷವಾಯಿತು. ಈಗ ಅಂಗಡಿ ನಡೆಸುವವನು ಕುರ್ದರ ನಾಡಿನಿಂದ ಬಂದವನು; ಗಣಿ ಮುಷ್ಕರ ಎಂದರೆ ಅವನಿಗೆ ಹಲ್ಲುಪುಡಿಯ ಹೆಸರೂ ಆದೀತು. ಆದರೂ ಎಮ್ಲಿನ್ ಆ ಬಾಗಿಲು ತಳ್ಳಿಲ್ಲ. ಈಗ ಯಾರ ಮೇಲೆ ನಿನ್ನ ಹಟ ಎಂದು ಮೆನ್ನಾ ಒಮ್ಮೆ ಕೇಳಿದ್ದಳು.

ಇವತ್ತು ಶನಿವಾರ. ಮಧ್ಯಾಹ್ನ ಎರಡಕ್ಕೆ ಕಾರ್ಮಿಕ ಭವನದ ಗೋಡೆಯ ಮೇಲಿನ ಕಂಚಿನ ಫಲಕದ ಪರದೆ ಸರಿಸುವವರಿದ್ದರು. ನೂರ ಎಂಬತ್ತೈದು ವರ್ಷದ ಹಿಂದೆ, ದುಡಿಯುವವನಿಗೂ ಮತ ಹಾಕುವ ಹಕ್ಕು ಬೇಕೆಂದು ಕಣಿವೆ ಕಣಿವೆಗಳಿಂದ ಮಳೆಯಲ್ಲಿ ನ್ಯೂಪೋರ್ಟಿಗೆ ಇಳಿದುಹೋದ ಚಾರ್ಟಿಸ್ಟರಲ್ಲಿ ಈ ಊರಿನವರು ಏಳು ಜನ; ಫಲಕ ಅವರ ಹೆಸರಿನದು. ಅಲ್ಲಿ ಸಿಪಾಯಿಗಳು ಹೋಟೆಲಿನ ಕಿಟಕಿಗಳಿಂದ ಗುಂಡು ಹಾರಿಸಿದ್ದು, ಇಪ್ಪತ್ತಕ್ಕೂ ಹೆಚ್ಚು ಜನ ಬೀದಿಯಲ್ಲೇ ಸತ್ತದ್ದು ಇಲ್ಲಿನ ಕೂಸಿಗೂ ಗೊತ್ತು. ಏಳು ಜನರಲ್ಲಿ ಮೊದಲ ಹೆಸರು ಐಸಾಕ್ ಪ್ರಾಸರ್, ಎಮ್ಲಿನ್‌ನ ತಾತನ ಅಜ್ಜ. ಈಟಿ ಹಿಡಿದು ಮುಂದಿನ ಸಾಲಿನಲ್ಲಿ ನಡೆದವನಂತೆ, ತೊಡೆಯಲ್ಲಿ ಗುಂಡು ಹೊತ್ತು ಮನೆಗೆ ಬಂದವನಂತೆ. ಹಬ್ಬದ ಊಟದಲ್ಲಿ ಮಾಂಸ ಕುಯ್ಯುವ ಮುಂಚೆ ಅಪ್ಪ ಆ ಕಥೆ ಹೇಳುತ್ತಿದ್ದ, ಕೇಳುವಾಗ ಹೈಡನ್‌ನ ಎದೆ ತಾನೇ ಈಟಿ ಹಿಡಿದವನ ಹಾಗೆ ಮುಂದೆ ಬರುತ್ತಿತ್ತು. ಹೈಡನ್ ಎಂದರೆ ಎಮ್ಲಿನ್‌ನ ಅಣ್ಣ, ಮುಷ್ಕರದ ವರ್ಷ ಸಂಘದ ಕಾರ್ಯದರ್ಶಿ, ಈಗ ಫಲಕದ ಸಮಿತಿಯ ಅಧ್ಯಕ್ಷ. ಮೂವತ್ತೊಂಬತ್ತು ವರ್ಷಗಳಲ್ಲಿ ಅವನು ತಮ್ಮನ ಜೊತೆ ಒಂದು ಮಾತಾಡಿಲ್ಲ. ಅಮ್ಮನ ಹೆಣದ ಮುಂದೆಯೂ ಆಡಲಿಲ್ಲ.

ಗೂಟಕ್ಕೆ ನೇತುಹಾಕಿದ ಕೋಟಿನ ಒಳಜೇಬಿನಲ್ಲಿ ಒಂದು ಹಾಳೆ ಇತ್ತು. ಕುರ್ಚಿಯಲ್ಲಿ ಕೂತಿದ್ದರೂ ಎಮ್ಲಿನ್‌ನ ಕಣ್ಣು ಆ ಕೋಟಿನ ಮೇಲೇ ಇತ್ತು.

"ಇಷ್ಟು ಬೆಳಿಗ್ಗೇನೇ ಎಲ್ಲಿಗೆ ಸವಾರಿ?" ಎಂದಳು ಮೆನ್ನಾ.

"ಭವನಕ್ಕೆ."

ಕತ್ತರಿ ನಿಂತಿತು. ಆ ಹಾಳೆ ತೋರಿಸಿ ಏನು ಸಿಗುತ್ತದೆ ನಿನಗೆ ಎಂದು ಕೇಳಿದಳು. ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಹಿಂದಿನ ವಾರ ನ್ಯೂಪೋರ್ಟಿನಿಂದ ಬಸ್ಸಿಳಿದು ಬಂದವನೇ ಷೂ ಬಿಚ್ಚದೆ ಎರಡು ಸಲ ಓದಿ ಹೇಳಿದ್ದ.

"ಅವನ ಮುಖ ನೋಡ್ಬೇಕು ನಾನು."

"ಯಾರ ಮುಖ? ಐಸಾಕ್‌ದೋ, ಹೈಡನ್‌ದೋ?"

ಅವನು ಕೊರಳಿನ ಬಟ್ಟೆ ಕಿತ್ತು ಎದ್ದ. ಒಂದು ಬದಿ ಇನ್ನೂ ಬಾಕಿಯಿದೆ ಎಂದು ಅವಳು ಹೇಳಿದ್ದು ಕೇಳಿಸಿದರೂ ಕೇಳಿಸದವನ ಹಾಗೆ ಕೋಟು ತೊಟ್ಟ. ಈ ಹೆಂಗಸಿನ ತಾಳ್ಮೆ ಕಂಡರೆ ಅವನಿಗೆ ಮೈಯುರಿ. ಬೈದಿದ್ದರೆ, ಪಾತ್ರೆ ಎಸೆದಿದ್ದರೆ, ಬಿಟ್ಟು ಹೋಗಿದ್ದರೆ ಇವನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದ. ಇವಳು ಪ್ರತಿ ಆರನೇ ವಾರ ಕುರ್ಚಿ ಎಳೆದು, ಕೂತುಕೋ ಎನ್ನುತ್ತಾಳೆ.

ಭವನ ಬೀದಿಯ ತುದಿಯಲ್ಲಿ, ಏರಿನ ಮೇಲೆ. ಏರುವಾಗ ಅವನು ಎಂದಿನಂತೆ ನೆಲ ನೋಡಿಕೊಂಡೇ ನಡೆದ. ಊರಿನವರು ಬೈಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು, ಆದರೆ ಈ ಬೀದಿಯ ಪ್ರತಿ ಬಾಗಿಲ ಬಗ್ಗೆಯೂ ಅವನಲ್ಲಿ ಒಂದೊಂದು ಲೆಕ್ಕ ತೀರದ ದ್ವೇಷ ಉಳಿದಿತ್ತು: ಈ ನೀಲಿ ಬಾಗಿಲಿನವಳು ಹಾಲಿನ ಬಾಟಲಿ ಒಡೆದವಳು, ಈ ಹಿತ್ತಾಳೆ ಚಿಲಕದವನು ಇವನ ಅಪ್ಪನ ಶವಯಾತ್ರೆಯಲ್ಲಿ ಇವನು ಹೆಗಲು ಕೊಡಲು ಬಂದಾಗ ತಾನು ಹೆಗಲು ತೆಗೆದವನು. ಒಳಗಿರುವವರು ಬದಲಾಗಿದ್ದರೂ ಬಾಗಿಲುಗಳನ್ನು ಅವನು ಕ್ಷಮಿಸಿರಲಿಲ್ಲ. ಎಂಬತ್ತೈದರ ಫೆಬ್ರವರಿಯಲ್ಲಿ, ಮುಷ್ಕರ ಮುಗಿಯಲು ಇನ್ನು ನಾಲ್ಕೇ ವಾರ ಇದ್ದಾಗ (ನಾಲ್ಕೇ ವಾರ ಎಂದು ಯಾವ ನಾಯಿಗೆ ಗೊತ್ತಿತ್ತು ಆಗ?), ಮುಷ್ಕರ ಮುರಿಯುವವರನ್ನು ಗಣಿಗೆ ಒಯ್ಯಲು ಕಿಟಕಿಗೆ ತಂತಿಯ ಜಾಲರಿ ಹೊಡೆದ ಬಸ್ಸು ಇದೇ ಬೀದಿಯ ಕೆಳತುದಿಗೆ ಬಂದು ನಿಂತಿತ್ತು, ಇವನು ಒಬ್ಬನೇ ಹತ್ತಿದ. ಐವತ್ತು ಜನರು ಕೂರುವ ಬಸ್ಸಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ಡ್ರೈವರು ಮತ್ತು ಇವನು, ಇಬ್ಬರೇ. ಗಣಿಯ ಗೇಟಿನಲ್ಲಿ ಪೊಲೀಸರ ಸಾಲಿನ ಆಚೆ ಮುನ್ನೂರು ಜನ ಕಿರುಚುತ್ತಿದ್ದರು, ಹೈಡನ್ ಕಿರುಚಲಿಲ್ಲ. ಬಸ್ಸು ನಿಧಾನಿಸಿದಾಗ ಜಾಲರಿಯ ಹತ್ತಿರ ಬಂದು, ಯಾಕೋ ಎಂದ. ಬರೀ, ಯಾಕೋ. ಆ ದನಿಯಲ್ಲಿ ಬೈಗುಳವಿದ್ದರೆ ಎಮ್ಲಿನ್ ಬೈಗುಳದಲ್ಲೇ ಉತ್ತರ ಕೊಡುತ್ತಿದ್ದ. ಅದರಲ್ಲಿದ್ದದ್ದು ಅಣ್ಣ ತಮ್ಮನನ್ನು ಕೇಳುವ ಧಾಟಿ. ಅದಕ್ಕೇ ಅವನ ಬಾಯಿಂದ ಅದು ಬಂದುಬಿಟ್ಟಿತು: "ಮೆನ್ನಾ ಕಳಿಸಿದ್ಲು."

ಅವಳು ಕಳಿಸಿರಲಿಲ್ಲ. ಬೆಳಿಗ್ಗೆ ಅವನು ಎದ್ದು ಹೋದಾಗ ಅವಳು ಇದೇ ಭವನದ ಅಡುಗೆಮನೆಯಲ್ಲಿ ನೂರೈವತ್ತು ಜನರ ಊಟಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದಳು, ಹನ್ನೊಂದು ತಿಂಗಳಿನಿಂದ ದಿನಾ ಸುಲಿಯುತ್ತಿದ್ದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಅಲ್ಲಿಗೆ ಮುಟ್ಟಿ, ಹೆಂಗಸರು ಅವಳನ್ನು ಸುತ್ತುವರಿದು ನೀನೇ ಕಳಿಸಿದ್ದು ನಿಜವಾ ಎಂದು ಕೇಳಿದರಂತೆ. ಅವಳು ಯಾರ ಮುಖವನ್ನೂ ನೋಡದೆ, ಹೌದು ನಾನೇ ಎಂದಳಂತೆ. ಒಬ್ಬಳು ಅವಳ ಕೈಯಿಂದ ಚಾಕು ತೆಗೆದುಕೊಂಡಳು. ಇನ್ನೊಬ್ಬಳು ಕೋಟು ತಂದುಕೊಟ್ಟಳು. ಇದನ್ನೆಲ್ಲ ಅವನು ಬೇರೆಯವರ ಬಾಯಲ್ಲಿ ಕೇಳಿದ್ದು. ಯಾಕೆ ಹಾಗೆ ಹೇಳಿದೆ ಎಂದು ಅವನು ಅವಳನ್ನು ಕೇಳಲಿಲ್ಲ, ಯಾಕೆ ನನ್ನ ಹೆಸರು ಹೇಳಿದೆ ಎಂದು ಅವಳೂ ಕೇಳಲಿಲ್ಲ, ಹಾಗೆ ಊಟ, ನಿದ್ದೆ, ಕ್ಷೌರ ಎಲ್ಲ ನಡೆದುಕೊಂಡು ಬಂತು.

ಭವನದ ಬಾಗಿಲಲ್ಲಿ ಅವನ ಕಾಲು ಒಂದು ಗಳಿಗೆ ತಡೆಯಿತು. ಒಳಗೆ ಅದೇ ಮೇಣದ ವಾಸನೆ, ಅದೇ ಒದ್ದೆ ಉಣ್ಣೆಯ ವಾಸನೆ. ನಾಲ್ಕೈದು ಜನ ಕುರ್ಚಿ ಜೋಡಿಸುತ್ತಿದ್ದರು. ಹೈಡನ್‌ನ ಮಗಳು ನೆರಿಸ್, ಶಾಲೆಯಲ್ಲಿ ಚರಿತ್ರೆ ಕಲಿಸುವವಳು, ವೇದಿಕೆಯ ಪಕ್ಕದ ಮೇಜಿನ ಮೇಲೆ ಕಡತಗಳನ್ನು ಹರಡಿಕೊಂಡಿದ್ದಳು. ಹೈಡನ್ ಕಿಟಕಿಯ ಹತ್ತಿರ ಕೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದ. ಶ್ವಾಸಕೋಶದಲ್ಲಿ ಧೂಳು ತುಂಬಿದವರು ಕೂರುವ ಹಾಗೆ, ಮುಂದಕ್ಕೆ ಬಾಗಿ. ಇಷ್ಟು ಸಣ್ಣವನಾಗಿದ್ದಾನಲ್ಲ ಎಂದು ಎಮ್ಲಿನ್‌ಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಕುರ್ಚಿಗಳ ಸದ್ದು ಒಂದೊಂದಾಗಿ ನಿಂತಿತು. ಎಪ್ಪತ್ತು ದಾಟಿದ ಒಬ್ಬ, ಹಿಂದೆ ಇವನ ಪಾಳಿಯಲ್ಲೇ ಕೆಲಸ ಮಾಡುತ್ತಿದ್ದವನು, ಎತ್ತಿದ ಕುರ್ಚಿಯನ್ನು ಹಾಗೇ ಹಿಡಿದುಕೊಂಡು ಬೆನ್ನು ತಿರುಗಿಸಿ ನಿಂತ. ಅಷ್ಟು ಭಾರ ಹೊತ್ತುಕೊಂಡೇ ಬೆನ್ನು ತೋರಿಸುವ ಆ ಮುದುಕನ ಮೊಂಡುತನ ನೋಡಿ ಎಮ್ಲಿನ್‌ಗೆ ನಗು ಬರಬೇಕಿತ್ತು. ಬರಲಿಲ್ಲ.

"ಫಲಕದಲ್ಲಿ ಮೊದಲನೇ ಹೆಸರು ತೆಗೀರಿ," ಎಂದ.

ಏನೂ ಅರ್ಥವಾಗದವಳಂತೆ ನೆರಿಸ್ ಅವನನ್ನೇ ನೋಡಿದಳು. ಅವನು ಹಾಳೆ ಬಿಚ್ಚಿ ಗಟ್ಟಿಯಾಗಿ ಓದಿದ; ಆ ದಂಗೆಯ ವಿಚಾರಣೆಯಲ್ಲಿ ಬರೆಸಿಕೊಂಡ ಹೇಳಿಕೆಯ ನಕಲು ಅದು. ಮನೆಯಲ್ಲಿ ಕನ್ನಡಿಯ ಮುಂದೆ ಎಷ್ಟೋ ಸಲ ಓದಿದ್ದ, ಆದರೂ ದನಿ ಎರಡನೇ ಸಾಲಿಗೇ ಬಿರುಕುಬಿಟ್ಟಿತು. ಐಸಾಕ್ ಪ್ರಾಸರ್, ಕಲ್ಲಿದ್ದಲು ಕಡಿಯುವವನು, ಪ್ರಮಾಣ ಮಾಡಿ ಹೇಳುವುದೇನೆಂದರೆ: ಆ ಭಾನುವಾರ ಗದ್ದಲ ಕೇಳಿ ನಾನು ಹೆದರಿ ಮಂಚದ ಕೆಳಗೆ ಅಡಗಿದೆ. ಮುಖಕ್ಕೆ ಮಸಿ ಬಳಿದ ಪರಊರಿನವರು ಬಾಗಿಲು ಒಡೆದು ಒಳಗೆ ಬಂದು ಕಾಲು ಹಿಡಿದು ಎಳೆದರು. ನಾನು ಅತ್ತೆ. ಕೈಗೆ ಈಟಿ ಕೊಟ್ಟರು, ಮೊದಲ ಬೇಲಿಯಲ್ಲೇ ಅದನ್ನು ಬಿಸಾಡಿದೆ. ನನಗೆ ಮತವೂ ಬೇಡ, ಹಕ್ಕೂ ಬೇಡ. ಇದು ಅವನ ಗುರುತು. ಗುರುತು ಎಂದರೆ ಒಂದು ಓರೆ ಗೀಟಿನ ಮೇಲೆ ಇನ್ನೊಂದು ಓರೆ ಗೀಟು.

ಓದಿ ಮುಗಿಸಿ ಅವನು ಹೈಡನ್‌ನ ಮುಖ ನೋಡಿದ. ಎರಡು ವರ್ಷ, ವಾರಕ್ಕೊಂದು ಬಸ್ಸು, ನ್ಯೂಪೋರ್ಟಿನ ದಾಖಲೆ ಕೋಣೆಯಲ್ಲಿ ಯಂತ್ರದ ಮಂಕು ಪರದೆಯ ಮುಂದೆ ಕಣ್ಣು ಕೆಡಿಸಿಕೊಂಡದ್ದು ಈ ಒಂದು ಕ್ಷಣಕ್ಕೆ. ಆ ಕೋಣೆಯ ಹುಡುಗಿ ಅವನನ್ನು ಮಿಸ್ಟರ್ ಪ್ರಾಸರ್ ಎಂದು ಕರೆಯುತ್ತಿದ್ದಳು, ಕುರ್ಚಿ ಎಳೆದು ಕೊಡುತ್ತಿದ್ದಳು. ಅಲ್ಲಿ ಅವನು ಬರೀ ಹಿರಿಯರನ್ನು ಹುಡುಕುವ ಒಬ್ಬ ಮುದುಕ. ಐಸಾಕ್‌ನ ಹೇಳಿಕೆ ಸಿಕ್ಕಿದ ದಿನ ಅವನಿಗಾದದ್ದು ಸಂತೋಷ. ಮುಚ್ಚಿಡುವುದು ಯಾಕೆ, ಮದುವೆಯ ದಿನವೂ ಅಷ್ಟು ಸಂತೋಷ ಆಗಿರಲಿಲ್ಲ. ಇವರ ರಕ್ತದಲ್ಲೂ ಅಳುಬುರುಕ ಇದ್ದಾನೆ. ನಾನು ಒಬ್ಬನೇ ಅಲ್ಲ. ಇನ್ನು ಅಣ್ಣ ಎದ್ದು ಬೈಯಲಿ, ಕೋಲು ಎತ್ತಲಿ, ಏನಾದರೂ ಒಂದು ಮಾತನ್ನು ನೇರ ನನ್ನ ಮುಖಕ್ಕೆ ಹೇಳಲಿ, ಸಾಕು ಎಂದುಕೊಂಡಿದ್ದ.

ಹೈಡನ್‌ನ ಮುಖದಲ್ಲಿ ಏನೂ ಆಗಲಿಲ್ಲ. ನಕ್ಕದ್ದು ನೆರಿಸ್. ಕೆಟ್ಟ ನಗುವಲ್ಲ, ತರಗತಿಯಲ್ಲಿ ಪೆದ್ದು ಉತ್ತರ ಕೇಳಿದ ಟೀಚರ ನಗು.

"ನೀವು ಹುಡುಕಿದ್ದು ಬರೀ ಪ್ರಾಸರ್ ಅನ್ನೋ ಹೆಸರು, ಅಲ್ವಾ? ಪಕ್ಕದ ಮನೆಯೋರ ಹೇಳಿಕೆ ಓದ್ಲಿಲ್ಲ."

ಓದಿರಲಿಲ್ಲ. ಪಕ್ಕದ ಮನೆಯವರ ವಿಷಯ ಅವನಿಗೆ ಯಾಕೆ ಬೇಕು? ನೆರಿಸ್ ಒಂದೊಂದೇ ಹಾಳೆ ಎತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಎರಡನೆಯವನೂ ಮಂಚದ ಕೆಳಗೆ ಅಡಗಿದ್ದ, ಅವನನ್ನೂ ಮಸಿ ಬಳಿದ ಪರಊರಿನವರು ಕಾಲು ಹಿಡಿದು ಎಳೆದರು, ಅವನೂ ಅತ್ತ. ಮೂರನೆಯವನೂ ಹಾಗೆ. ಏಳೂ ಹಾಳೆಗಳಲ್ಲಿ ಅದೇ ಮಸಿ, ಅದೇ ಕಾಲು, ಅದೇ ಮೊದಲ ಬೇಲಿ.

"ಏಳು ಗಂಡಸರು, ಏಳು ಮಂಚ. ಅದೇ ವರ್ಷ ಮನೆಮನೆ ನೋಡ್ಕೊಂಡು ಹೋದ ಪಾದ್ರಿ ಬರೆದಿಟ್ಟಿದಾನೆ, ಆ ಸಾಲಲ್ಲಿ ಮಂಚ ಇದ್ದಿದ್ದೇ ಎರಡು ಮನೇಲಿ. ಉಳಿದೋರು ಎಲ್ಲಿ ಅಡಗಿದ್ರು, ಚಿಕ್ಕಪ್ಪ? ಹುಲ್ಲು ಹಾಸಿಗೆ ಕೆಳಗಾ?"

ಕುರ್ಚಿ ಹಿಡಿದವನ ಬೆನ್ನು ನಗುವಿಗೆ ಅಲುಗಿತು. ನೆರಿಸ್ ಹೇಳುತ್ತ ಹೋದಳು, ಅವನಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಆ ಕಥೆ ಕಟ್ಟಿದವರು ಹೆಂಗಸರಂತೆ. ಗಂಡಂದಿರು ಗದ್ದೆಯಂಚಿನಲ್ಲಿ, ಸುಣ್ಣದ ಗೂಡಿನಲ್ಲಿ ಬಚ್ಚಿಟ್ಟುಕೊಂಡಿದ್ದ ವಾರದಲ್ಲಿ ಐಸಾಕ್‌ನ ಹೆಂಡತಿ ಹೆಫ್ಸಿಬಾಳ ಒಲೆಯ ಮುಂದೆ ಕೂತು ಎಲ್ಲರೂ ಒಂದೇ ಮಾತನ್ನು ಬಾಯಿಪಾಠ ಮಾಡಿದರಂತೆ. ಒಬ್ಬನನ್ನು ಎಳೆದವನು ಪಕ್ಕದ ಮನೆಯವನು ಎಂದು ಯಾರೂ ಹೇಳಬಾರದು, ಹೇಳಿದರೆ ಆ ಪಕ್ಕದವನು ನೇಣಿಗೆ, ಇಲ್ಲವೇ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ. ಹಾಗಾಗಿ ಪರಊರಿನವರು. ಹಾಗಾಗಿ ಮಸಿ. ಒಬ್ಬೊಬ್ಬಳೂ ತನ್ನ ಗಂಡನಿಗಲ್ಲ, ಪಕ್ಕದವಳ ಗಂಡನಿಗೆ ಸಾಕ್ಷಿ ಹೇಳಿದಳು: ನಾನು ಕಣ್ಣಾರೆ ಕಂಡೆ, ಅವನು ಕೂಸಿನ ಹಾಗೆ ಅಳುತ್ತಿದ್ದ. ಪ್ರಾರ್ಥನಾ ಮಂದಿರಕ್ಕೆ ವಾರಕ್ಕೆ ಮೂರು ಸಲ ಹೋಗುವ ಹೆಂಗಸರು ಬೈಬಲ್ ಮುಟ್ಟಿ ಹೇಳಿದ ಸುಳ್ಳು ಅದು. ಹೆಫ್ಸಿಬಾ ಆಮೇಲೆ ಇಪ್ಪತ್ತಾರು ವರ್ಷ ಬದುಕಿದಳು. ಆ ಪಾಪ ಹೊತ್ತವಳೆಂದು ಮಂದಿರದಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿಯನ್ನು ಒಮ್ಮೆಯೂ ಮುಟ್ಟಲಿಲ್ಲ, ಆ ಭಾನುವಾರಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರುತ್ತಿದ್ದಳು ಎಂದು ಮಂದಿರದ ಪುಸ್ತಕದಲ್ಲಿದೆ. ಫಲಕದಲ್ಲಿ ಗಂಡಸರ ಹೆಸರಿನ ಕೆಳಗೆ ಆ ಏಳು ಹೆಂಗಸರ ಹೆಸರೂ ಇದೆ ಎಂದಳು ನೆರಿಸ್.

"ನೆರಿಸ್." ಹೈಡನ್ ಮಾತಾಡಿದ. ಆರಡಿ ದೂರದಲ್ಲಿ ನಿಂತ ತಮ್ಮನನ್ನು ಬಿಟ್ಟು ಮಗಳನ್ನು ನೋಡುತ್ತ, ಒಂದೊಂದು ಮಾತಿಗೂ ಉಸಿರು ಹುಡುಕುತ್ತ ಮಾತಾಡಿದ. "ಅವನಿಗೆ ಹೇಳು. ಐಸಾಕ್ ತನ್ನನ್ನ ತಾನೇ ಹೇಡಿ ಅಂತ ಕರ್ಕೊಂಡ. ಇನ್ನೊಬ್ರ ಹೆಸರು ಹೇಳ್ಲಿಲ್ಲ ಅಂತ ಹೇಳು."

ನೆರಿಸ್ ಮತ್ತೆ ಹೇಳುವ ಅಗತ್ಯವಿರಲಿಲ್ಲ. ಆದರೂ ಅವಳು ಎಮ್ಲಿನ್ ಕಡೆ ತಿರುಗಿ ಕಾದಳು, ಅಣ್ಣತಮ್ಮಂದಿರ ನಡುವೆ ಮಾತು ದಾಟಿಸಿ ರೂಢಿಯಾದವಳ ಹಾಗೆ.

"ಪರದೆ ಎಳೆಯೋಕೆ ಹೆಫ್ಸಿಬಾ ಹಾಗೆ ಈ ಮನೆ ಸೊಸೆ ಒಬ್ರು ಬೇಕು. ನಿಮ್ಮಮ್ಮ ಇಲ್ಲ. ಇರೋದು ಮೆನ್ನಾ ಒಬ್ಳೇ." ಹೈಡನ್ ಕೆಮ್ಮಿ, ಕರವಸ್ತ್ರಕ್ಕೆ ಉಗುಳಿ, ಅದನ್ನು ನೋಡಿ ಮಡಚಿದ. "ಅವಳು ಬರಬಹುದು. ಆದ್ರೆ ಈ ಊರಿನೋರ ಲೆಕ್ಕದಲ್ಲಿ ಅವಳೇ ಕಳಿಸಿದ್ದು. ಅಲ್ಲ ಅನ್ನೋದಾದ್ರೆ ಇಲ್ಲಿ, ಇವರ ಮುಂದೆ, ಅವನ ಬಾಯಿಂದ ಬರಲಿ. ಅಷ್ಟೇ. ಆಮೇಲೆ ಅವನು ಎಲ್ಲಿಗೆ ಬೇಕಾದ್ರೂ ಹೋಗಲಿ."

ಎಲ್ಲರೂ ಅವನನ್ನು ನೋಡಿದರು. ಬೆನ್ನು ತಿರುಗಿಸಿದ್ದ ಮುದುಕನೂ ಕುರ್ಚಿ ಇಳಿಸಿ ತಿರುಗಿದ. ಎರಡೇ ಮಾತು. ಅವಳು ಕಳಿಸಲಿಲ್ಲ. ಆದರೆ ಅದರ ಬೆನ್ನಿಗೇ ಆ ಯಾಕೋ ಬರುತ್ತದೆ, ಅದಕ್ಕೆ ಏನು ಹೇಳಬೇಕು? ಜನವರಿಯ ಒಂದು ಶುಕ್ರವಾರ ಇದೇ ಹಾಲಿನಲ್ಲಿ ಊಟದ ಸಾಮಾನು ಹಂಚುತ್ತಿದ್ದರು. ಹೈಡನ್ ಇದೇ ಕಿಟಕಿಯ ಹತ್ತಿರ ನಿಂತು ಚೀಲ ಕೊಡುತ್ತಿದ್ದ. ಎಮ್ಲಿನ್‌ನ ಚೀಲ ಕೈಗೆ ಬಂದಾಗ ಹೈಡನ್ ಅದರೊಳಗೆ ಕೈ ಹಾಕಿ ಪೀಚ್ ಹಣ್ಣಿನ ಡಬ್ಬಿಯನ್ನು ವಾಪಸು ತೆಗೆದುಕೊಂಡು, ಮಕ್ಕಳಿಲ್ಲದ ಮನೆಗೆ ಡಬ್ಬಿ ಇಲ್ಲ ಎಂದಿದ್ದ. ಮೆಲ್ಲಗೇ ಎಂದಿದ್ದ, ಕೆಟ್ಟ ಮನಸ್ಸಿನಿಂದಲೂ ಅಲ್ಲ, ನಿಯಮವೇ ಹಾಗಿತ್ತು. ಹಿಂದೆ ನಿಂತವಳು ನಾಲ್ಕು ಮಕ್ಕಳ ತಾಯಿ, ಅವಳು ಪಾಪ ಎಂದು ನಿಟ್ಟುಸಿರು ಬಿಟ್ಟಳು. ಹದಿನೈದು ದಿನ ಎಮ್ಲಿನ್ ಆ ನಿಟ್ಟುಸಿರನ್ನು ಹೊತ್ತು ತಿರುಗಿದ. ಮಗು ನಿಲ್ಲದಿರುವುದು ಮೆನ್ನಾಳ ತಪ್ಪೋ ತನ್ನ ತಪ್ಪೋ ಎಂದು ಪರೀಕ್ಷೆ ಮಾಡಿಸಿಕೊಳ್ಳದೆ ಮುಂದೂಡಿಕೊಂಡು ಬಂದಿದ್ದವನು ಅವನೇ. ಹದಿನಾರನೆಯ ದಿನ ಬಸ್ಸು ಹತ್ತಿದ. ಹಸಿವಿನಿಂದಲ್ಲ, ಚಳಿಯಿಂದಲ್ಲ. ಮುನ್ನೂರು ಜನರನ್ನು, ಅಣ್ಣನನ್ನು, ಕೊನೆಗೆ ಹೆಂಡತಿಯನ್ನು ಒಂದು ಪೀಚ್ ಡಬ್ಬಿಗೆ ಬಿಟ್ಟುಕೊಟ್ಟವನು ಎಂದು ಇವರ ಮುಂದೆ ಹೇಗೆ ಹೇಳುವುದು? ಹೇಳಿದರೆ ದ್ವೇಷವೂ ಮಾಡುವುದಿಲ್ಲ ಇವರು. ನಗುತ್ತಾರೆ. ಈಗ ಉಳಿದಿರುವುದು ಅದೊಂದೇ, ಇವರ ದ್ವೇಷ. ಅದನ್ನೂ ಕಳೆದುಕೊಂಡು ಈ ಏರನ್ನು ಇಳಿಯುವುದು ಹೇಗೆ?

ಅವನ ಬಾಯಿ ತೆರೆಯಿತು. "ಬರೆದಿರೋದು ಬರೆದಿದೆ," ಎಂದ. "ಅತ್ತೆ ಅಂತ ಐಸಾಕ್ ತಾನೇ ಹೇಳಿದಾನೆ. ಗುರುತು ಹಾಕಿದಾನೆ."

ಅವನು ಹಾಳೆಯನ್ನು ಮೇಜಿನ ಮೇಲಿನ ಸಾಲಿನ ತುದಿಗೆ ಇಡಲು ಹೋದ. ಅದರ ಪ್ರತಿ ಅಲ್ಲಿ ಆಗಲೇ ಇತ್ತು, ಮೊದಲನೆಯದೇ ಅದು. ಹೈಡನ್ ಕಿಟಕಿಯ ಹೊರಗೆ ನೋಡುತ್ತಿದ್ದ. ನೆರಿಸ್ ಮಾತ್ರ ಎಮ್ಲಿನ್‌ನ ಹಿಂದೆ ಬಾಗಿಲ ತನಕ ಬಂದು ತಗ್ಗಿದ ದನಿಯಲ್ಲಿ, ಚಿಕ್ಕಮ್ಮನಿಗಾದರೂ ವಿಷಯ ತಿಳಿಸಿ, ಅವರು ಬರಲಿ ಎಂದು ನನಗೆ ಆಸೆ ಎಂದಳು. ಅವನು ತಲೆಯಾಡಿಸಿದ. ಆಡಿಸಿದ್ದಕ್ಕೆ ಅರ್ಥ ಏನೆಂದು ಅವನಿಗೂ ಗೊತ್ತಿರಲಿಲ್ಲ.

ಮನೆಗೆ ನೇರವಾಗಿ ಹೋಗಲಿಲ್ಲ. ಮುಚ್ಚಿದ ಗಣಿಯ ಮೇಲೆ ಹುಲ್ಲು ಬೆಳೆಸಿ ಮಾಡಿರುವ ಉದ್ಯಾನದ ಬೆಂಚಿನ ಮೇಲೆ ಒಂದು ಗಂಟೆಗೂ ಹೆಚ್ಚು ಕೂತ. ಹೆಫ್ಸಿಬಾ ಎಂಬ ಹೆಂಗಸಿನ ಮೇಲೆ ಅವನಿಗೆ ತಡೆಯಲಾರದ ಕೋಪ ಬಂದಿತ್ತು. ಯಾರು ಕೇಳಿದ್ದರು ಅವಳನ್ನು? ಸುಳ್ಳು ಹೇಳು, ಆಮೇಲೆ ಇಪ್ಪತ್ತಾರು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಸಾಯಿ ಎಂದು ಯಾರು ಹೇಳಿದ್ದರು? ಗಂಡನ ಮುಖಕ್ಕೆ ರಾಚುವ ಹಾಗೆ ಕೂರುವುದು, ಬೇಕೆಂದೇ. ಐಸಾಕ್ ಮುಂದಿನ ಬೆಂಚಿನಲ್ಲಿ ಕೂತು ರೊಟ್ಟಿ ತಿಂದನೇ? ತಿಂದೇ ಇರುತ್ತಾನೆ. ಅವನ ಗಂಟಲಿನಲ್ಲಿ ಅದು ಹೇಗೆ ಇಳಿಯಿತು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಮೆನ್ನಾಳಿಗೆ ಹೇಳಿಬಿಡಬೇಕು ಎಂದು ಎರಡು ಸಲ ಎದ್ದ. ಅವಳು ಹೋದರೆ ಅಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಿದರೆ ಅವಳು ಇನ್ನೊಮ್ಮೆ ಹೌದು ಎನ್ನುತ್ತಾಳೆಯೇ? ಅಥವಾ ಸುಮ್ಮನೆ ಅವರ ಮುಖ ನೋಡುತ್ತಾಳೆಯೇ? ಹೋಗದೆ ಇದ್ದರೆ ಎಲ್ಲರಿಗೂ ಒಳ್ಳೆಯದು, ಅವಳಿಗೂ ಒಳ್ಳೆಯದು, ಮಂಡಿ ನೋವಿನಲ್ಲಿ ಆ ಏರು ಬೇರೆ. ಹೀಗೆ ಅವಳ ಮಂಡಿಯ ಬಗ್ಗೆ ಮರುಕಪಡುತ್ತ ಅವನು ಮನೆಗೆ ಬಂದ.

ಒಂದೂವರೆ ಆಗಿತ್ತು. ಮೆನ್ನಾ ಅಡುಗೆಮನೆಯ ಮೇಜಿನ ಮುಂದೆ ನಿಂತಿದ್ದಳು. ಏನಂದರು ಎಂದು ಕೇಳಿದಳು. ಅವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಅವನು ಹೇಳಿ, ನಲ್ಲಿ ತಿರುಗಿಸಿ ಲೋಟಕ್ಕೆ ನೀರು ಹಿಡಿದ.

"ನನ್ನ ವಿಷಯ ಬಂತಾ?"

"ನಿನ್ನ ವಿಷಯ ಯಾಕೆ ಬರುತ್ತೆ?"

"ಯಾರೂ ಏನೂ ಕೇಳ್ಲಿಲ್ಲ?"

"ಇಲ್ಲ."

ನೀರು ಕುಡಿದು ತಿರುಗಿದಾಗಲೇ ಅವನು ನೋಡಿದ್ದು, ಅವಳು ತನ್ನ ಕಡುನೀಲಿ ಕೋಟು ತೊಟ್ಟಿದ್ದಳು, ಗುಂಡಿಗಳನ್ನೆಲ್ಲ ಹಾಕಿ ಆಗಿತ್ತು. ಕೈಚೀಲ ಮೇಜಿನ ಮೇಲಿತ್ತು. ಬೆಳಗಿನಿಂದ ಬಹಳ ಹೊತ್ತು ಯೋಚಿಸಿದವಳ ಮುಖ ಅವಳದು, ಆದರೆ ಈಗ ಯೋಚನೆ ಮುಗಿದಿತ್ತು.

"ನೆರಿಸ್ ಫೋನ್ ಮಾಡಿದ್ಲು," ಎಂದಳು. "ನೀನು ಬಾಗಿಲು ದಾಟಿದ ತಕ್ಷಣಾನೇ ಮಾಡಿದ್ಲಂತೆ. ಎಲ್ಲಾ ಹೇಳಿದ್ಲು. ನೀನು ಬಂದು ಏನು ಹೇಳ್ತೀಯ ಅಂತ ಕೂತಿದ್ದೆ ಇಷ್ಟೊತ್ತು."

ಅವನು ಲೋಟ ಕೆಳಗಿಟ್ಟ. ಮೆನ್ನಾ, ಎಂದ.

"ಅಳಬೇಡ," ಎಂದಳು ಅವಳು, ಅವನು ಅಳುತ್ತಿರಲಿಲ್ಲವಾದರೂ. ಚೀಲ ತೆಗೆದುಕೊಂಡಳು. "ಪರದೆ ಎಳೆಯೋಕೆ ಮುಂಚೆ ಎರಡು ಮಾತಾಡಬೇಕಂತೆ. ನಾನು ಕಳಿಸ್ಲಿಲ್ಲ ಅಂತ ನಾನೇ ಹೇಳ್ತೀನಿ."